ಮೂರನೆಯ ಬೊಗಸೆ

ಹೊಸ ಜೋಳದ ಚೀಲ ಬಿಚ್ಚಿದಾಗ ಮೂಗಿಗೆ ಬಡಿಯುವ ಸುಂಕಿನ, ಆ ನವೆಯೇಳಿಸುವ ಸಣ್ಣ ದೂಳಿನ, ವಾಸನೆ ಇವತ್ತಿಗೂ ನನ್ನನ್ನು ಮೊರಬ ಊರಿನ ನಮ್ಮ ಮನೆಯ ಪಡಸಾಲೆಗೆ ಒಯ್ದು ಕೂರಿಸುತ್ತದೆ. ಅಲ್ಲಿ ಆಯಿ, ನಮ್ಮಪ್ಪನ ತಾಯಿ, ಕಾಲು ಚಾಚಿ ಕುಳಿತಿರುತ್ತಿದ್ದಳು. ಎದುರಿಗೆ ನನ್ನ ತಂಗಿ ನೀಲಾ. ಹುಟ್ಟುವಾಗ ಉಸಿರು ತಡವಾಗಿ ಬಂದ ಕೂಸು ಅದು. ವಾರಿಗೆಯ ಹುಡುಗಿಯರು ಮಗ್ಗಿ ಒಪ್ಪಿಸುವಾಗ ಅವಳಿಗೆ ಎಣಿಕೆಯೇ ತಲೆಗೆ ಹತ್ತಿರಲಿಲ್ಲ. ಶಾಲೆಯವರು ಕೈಬಿಟ್ಟರು. ಆಯಿ ಬಿಡಲಿಲ್ಲ. "ನಾ ಕಣ್ಣು ಮುಚ್ಚೂದ್ರಾಗ ಈಕಿಗೆ ಹತ್ತರ ಮಟಾ ಎಣಸಾಕ ಕಲಸ್ತೀನಿ" ಎಂದು ಹಟ ಹಿಡಿದಳು.

ಪಾಟಿ, ಬಳಪ ಆಯಿಗೆ ಗೊತ್ತಿಲ್ಲ; ಜೋಳ ಗೊತ್ತು. ಬೋಗುಣಿಯ ಕಾಳನ್ನು ತಂಬಿಗೆಗೆ ಸುರಿದರೆ, ಅದು ಕಂಠದವರೆಗೆ ಏರಿದ್ದು ನೋಡಿ ನೀಲಾ "ಭಾಳ ಆತು!" ಎಂದು ಕುಣಿಯುವಳು, ಅದೇ ಕಾಳು ಬೋಗುಣಿಗೆ ಮರಳಿದರೆ ಅಳುಮೋರೆ. ಆಯಿ ಬೇಸರವಿಲ್ಲದೆ ಮತ್ತೆ ಸುರಿಯುವಳು. ಕಾಳು ಅಳೆಯುವಾಗ ನಮ್ಮ ಕಡೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನೀಲಾ ತನ್ನ ಪುಟ್ಟ ಬೊಗಸೆ ತುಂಬಿ "ಲಾಭ" ಎಂದು ಸುರಿಯುವಳು, ಆಮೇಲೆ "ಎರಡು". ಅಲ್ಲಿಗೆ ನಿಲ್ಲುವಳು. "ಮುಂದ, ನನ್ನವ್ವಾ?" ಎಂದು ಆಯಿ ಕಾಯುವಳು. ಸಂಜೆಯಾಗುತ್ತಿತ್ತು, ದನ ಮನೆಗೆ ಬರುತ್ತಿದ್ದವು, ಮುಂದಿನದು ಮಾತ್ರ ಬರುತ್ತಿರಲಿಲ್ಲ.

ಆಯಿ ಒಂದು ಮಧ್ಯಾಹ್ನ ಕುಳಿತಲ್ಲೇ ಹೋಗಿಬಿಟ್ಟಳು. ನಮ್ಮವರ ಪದ್ಧತಿಯಂತೆ ಹೊಲದಲ್ಲಿ ಕುಣಿ ತೋಡಿ ಅವಳನ್ನು ಕೂರಿಸಿದರು. ಎಲ್ಲರೂ ಮಣ್ಣು ಹಾಕುತ್ತಿದ್ದಾಗ ಕಾಕಾ ನೀಲಾಳನ್ನು ಮುಂದೆ ಕರೆತಂದು "ನೀನೂ ಹಾಕವಾ" ಎಂದರು. ಅವಳು ಕರಿಮಣ್ಣನ್ನು ಬೊಗಸೆ ತುಂಬ ಎತ್ತಿ, ಗಟ್ಟಿಯಾಗಿ "ಲಾಭ" ಎಂದಳು. ಅಳುತ್ತಿದ್ದವರೆಲ್ಲ ಬೆಚ್ಚಿದರು. "ಸುಮ್ನಿರಬೇ!" ಎಂದು ಯಾರೋ ಗದರಿದರು. "ಎರಡು" ಎಂದಳು. ಮತ್ತೊಂದು ಬೊಗಸೆ ಎತ್ತಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ "ಮೂರು" ಎಂದು ಸುರಿದು, ಕುಣಿಯೊಳಗೆ ಬಗ್ಗಿ, ಕಿವಿಗೊಟ್ಟು ಕಾದಳು. ಕಾಕಾ ಅವಳನ್ನು ಹಿಂದಕ್ಕೆಳೆದುಕೊಂಡರು.

ಆ ಮನೆ ಈಗಿಲ್ಲ. ನೀಲಾ ನನ್ನ ಜೊತೆ ಇದ್ದಾಳೆ. ಅವಳ ಕೂದಲೂ ನರೆತಿದೆ. ಚೀಲ ಬಿಚ್ಚಿದಾಗಲೆಲ್ಲ ಮೂರು ಬೊಗಸೆ ಬುಟ್ಟಿಗೆ ಹಾಕಿ ತಲೆ ಎತ್ತುತ್ತಾಳೆ. "ಮುಂದ, ನನ್ನವ್ವಾ?" ಎಂದು ನಾನೇ ಕೇಳುತ್ತೇನೆ. ನನ್ನ ಮುಖ ನೋಡುತ್ತಾಳೆ. ಆ ಮುಖ ಆಯಿಯದಲ್ಲ. ಚೀಲದ ಬಾಯಿ ಕಟ್ಟಿಬಿಡುತ್ತಾಳೆ.