ಪದ್ಮಕ್ಕನ ಬಲಗೆನ್ನೆಯ ಪೌಡರು

ಮುಖಕ್ಕೆ ಪೌಡರು ಹಚ್ಚುವ ಬ್ರಶ್ಶಿಗೆ ಹೆದರುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹಾವಿಗೆ ಹೆದರುವವರಿಗೆ ಜನ ಮರ್ಯಾದೆ ಕೊಡುತ್ತಾರೆ. ಬ್ರಶ್ಶಿಗೆ ಹೆದರುತ್ತೇನೆಂದರೆ ನಗುತ್ತಾರೆ. ನೀವೂ ನಗಿ, ಅಡ್ಡಿಯಿಲ್ಲ. ಆದರೆ ನಡೆದದ್ದನ್ನು ಕೇಳಿ ನಗಿ.

ನಮ್ಮ ಕಾಲದಲ್ಲಿ ಪೌಡರಿಗೆ ಅಂಗೈಯೇ ಸಾಧನ. ಡಬ್ಬಿಯನ್ನು ಕೊಡವಿ, ಅಂಗೈಗಳನ್ನು ತಿಕ್ಕಿ, ಮುಖಕ್ಕೊಮ್ಮೆ ಕುತ್ತಿಗೆಗೊಮ್ಮೆ ಬಳಿದರೆ ಮುಗಿಯಿತು. ಹಳೆಯ ಕಾವ್ಯಗಳ ಸುಂದರಿಯರು ಲೋಧ್ರದ ಹೂವಿನ ಪರಾಗವನ್ನು ಪೂಸಿಕೊಳ್ಳುತ್ತಿದ್ದರಂತೆ. ಯಾವುದರಿಂದ ಪೂಸಿಕೊಂಡರೆಂದು ಕವಿಗಳು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅವರೂ ಅಂಗೈಯನ್ನೇ ನಂಬಿರಬೇಕು. ಸಿದ್ಧಕಟ್ಟೆಯ ನಮ್ಮ ಮನೆಗೆ ಬ್ರಶ್ಶು ತಂದವಳು ಬೊಂಬಾಯಿಯ ಅತ್ತಿಗೆ, ಅರುವತ್ತರ ದಶಕದ ಒಂದು ಬೇಸಗೆಯಲ್ಲಿ. ಅಜ್ಜಿ ಅದನ್ನು ದೂರದಿಂದಲೇ ನೋಡಿ, "ಯಾವ ಪ್ರಾಣಿಯ ರೋಮ ಅದು?" ಎಂದರು. ಜೈನರ ಮನೆ, ಕೇಳದೆ ಬಿಡುತ್ತಾರೆಯೇ?

"ಪ್ರಾಣಿಯದ್ದಲ್ಲ ಅಜ್ಜಿ, ನೈಲಾನು," ಎಂದಳು ಅತ್ತಿಗೆ.

ನೈಲಾನೆಂಬುದು ಎಷ್ಟು ಕಾಲಿನದೋ ಎಂಬ ಅನುಮಾನದಲ್ಲೇ ಅಜ್ಜಿ ಒಳಗೆ ಹೋದರು.

ಹೆದರಿಕೆ ಮಾತ್ರ ಬ್ರಶ್ಶಿಗಿಂತ ಮೊದಲೇ ನಮ್ಮ ಮನೆ ಹೊಕ್ಕಿತ್ತು. ನನ್ನ ಅಕ್ಕ ಪದ್ಮಾವತಿಯ ಬಲಗೆನ್ನೆಯಲ್ಲಿ, ಕಿವಿಯ ಹತ್ತಿರ, ಹುಣಸೆಬೀಜದಷ್ಟು ಬಿಳಿ ಕಲೆ ಮೂಡಿತ್ತು. ನೋವಿಲ್ಲ, ತುರಿಕೆಯಿಲ್ಲ. ಬೆಳ್ತಂಗಡಿಯ ಡಾಕ್ಟರು, "ಅಂಟುವಂಥದ್ದಲ್ಲ, ಹೆದರಬೇಡಿ" ಎಂದಿದ್ದರು. ಅಮ್ಮ ಸರಿಯಾಗಿ ಹೆದರಲು ಶುರುಮಾಡಿದ್ದು ಅದನ್ನು ಕೇಳಿದ ಮೇಲೆಯೇ. ಆಗೆಲ್ಲ ಬಿಳಿ ಕಲೆ ಕಂಡರೆ ಜನ ಕುಷ್ಠವೆಂಬ ದೊಡ್ಡ ರೋಗದ ಹೆಸರನ್ನೇ ಪಿಸುಗುಟ್ಟುತ್ತಿದ್ದರು. ಅಕ್ಕನ ಮದುವೆ ನಿಂತರೆ ಅವಳ ಬೆನ್ನಿಗಿದ್ದ ನನ್ನದೂ ನಿಂತಂತೆ. ಅಮ್ಮ ದಿನಾ ಬೆಳಿಗ್ಗೆ ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಲೆ ಬೆಳೆಯಿತೇ ಎಂದು ನೋಡುವರು. ನಾನು ಬಚ್ಚಲಿನ ಕನ್ನಡಿಯಲ್ಲಿ ಗುಟ್ಟಾಗಿ ನನ್ನ ಕೆನ್ನೆ ನೋಡಿಕೊಳ್ಳುವೆ.

ಹೀಗಿರುವಾಗ ಮೂಡಬಿದ್ರೆಯಿಂದ ಹೆಣ್ಣು ನೋಡಲು ಬರುತ್ತಾರೆಂದಾಯಿತು. ಅಮ್ಮನಿಗೆ ಅನ್ನ ಸೇರದಾಯಿತು. ಅತ್ತಿಗೆ ಧೈರ್ಯ ಹೇಳಿದಳು: "ಬಿಳಿ ಕಲೆಯನ್ನು ಬಿಳಿ ಪೌಡರಿನಲ್ಲಿ ಅಡಗಿಸುವುದು ಹೇಗೆ? ಉಳಿದ ಮುಖವನ್ನೇ ಕಲೆಯ ಬಣ್ಣಕ್ಕೆ ತರುವ."

ರಂಗೋಲಿಯಲ್ಲಿ ಪಳಗಿದ ಕೈಯೆಂದು ಬ್ರಶ್ಶು ನನಗೆ ಬಂತು. ಬ್ರಶ್ಶಿನ ಹೆದರಿಕೆ ನನಗೆ ಹಿಡಿದದ್ದು ಅಲ್ಲೇ. ಕಡಿಮೆಯಾದರೆ ಕಲೆ ಕಾಣುತ್ತದೆ, ಹೆಚ್ಚಾದರೆ ಅಕ್ಕ ಅಕ್ಕಿಹಿಟ್ಟಿನ ಡಬ್ಬಿಗೆ ಬಿದ್ದವಳಂತೆ ಕಾಣುತ್ತಾಳೆ.

"ನಿನ್ನ ಕೈ ಎಂತಕ್ಕೆ ನಡುಗುವುದು ಮಾರಾಯ್ತಿ? ಅವರು ನೋಡಲಿಕ್ಕೆ ಬರುವುದು ನನ್ನನ್ನಲ್ವಾ?" ಎಂದಳು ಅಕ್ಕ. ಅವಳ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ಹುಡುಗ, ಅವನ ತಾಯಿ, ಮಾವ ಬಂದರು. ಸಜ್ಜಿಗೆ ಅವಲಕ್ಕಿಯ ತಟ್ಟೆ ಇಟ್ಟು ಅಕ್ಕ ಚಾವಡಿಯ ಚಾಪೆಯಲ್ಲಿ ಕುಳಿತಳು. ಎಲೆ ಅಲುಗದ ಸೆಕೆ. ಬಾಗಿಲ ಮರೆಯಿಂದ ನೋಡುತ್ತಿದ್ದೇನೆ, ಅವಳ ಹಣೆಯಂಚಿನಲ್ಲಿ ಒಂದು ಬೆವರ ಹನಿ ಹುಟ್ಟಿತು, ನಿಂತಿತು, ಮೆಲ್ಲನೆ ಬಲಗೆನ್ನೆಯ ಮೇಲೆ ಇಳಿದು ಪೌಡರಿನ ನಡುವೆ ಕಂದು ಗೆರೆ ಎಳೆಯಿತು. ನನ್ನ ಪಕ್ಕದಲ್ಲಿದ್ದ ಅಮ್ಮ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದರು.

ಹುಡುಗನ ತಾಯಿ ನಕ್ಕರು. "ಸೆಕೆಗೆ ಪೌಡರೆಲ್ಲ ಇಳೀತಾ ಉಂಟು ಮಗಾ. ಒರೆಸಿಕೋ. ನಮ್ಮೆದುರು ನಾಚಿಕೆ ಎಂತದು?"

ಅವರ ಮಾತಿನಲ್ಲಿ ಏನೂ ಕಪಟವಿರಲಿಲ್ಲ. ಅಕ್ಕ ಸೆರಗಿನ ತುದಿ ಎತ್ತಿ ಎಡಗೆನ್ನೆ ಒರೆಸಿದಳು. ಬಲಗೆನ್ನೆಯನ್ನೂ ಒರೆಸಿದಳು, ಚೆನ್ನಾಗಿ, ಉಜ್ಜಿ.

"ಇಲ್ಲೊಂದು ಬಿಳಿ ಕಲೆ ಉಂಟು," ಎಂದಳು. "ಅಂಟುವಂಥದ್ದಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನೀವು ನೋಡಿಕೊಂಡೇ ಹೋದರೆ ಒಳ್ಳೆಯದು."

ಅವರು ಅವಲಕ್ಕಿ ಮುಗಿಸಿ, "ತಿಳಿಸ್ತೇವೆ" ಎಂದು ಎದ್ದರು. ತಿಳಿಸಲಿಲ್ಲ. ವಾರ ಕಳೆಯುವುದರೊಳಗೆ ಕಲೆಯ ಸುದ್ದಿ ಬಂಟ್ವಾಳದ ಪೇಟೆಯವರೆಗೂ ಮುಟ್ಟಿತು. ನಾವು ಏನೇನಕ್ಕೆ ಹೆದರಿದ್ದೆವೋ ಅಷ್ಟೂ ಆಯಿತು. ಆಶ್ಚರ್ಯವೆಂದರೆ, ಅಮ್ಮ ಅಕ್ಕನ ಗಲ್ಲ ಹಿಡಿದು ನೋಡುವುದನ್ನು ಬಿಟ್ಟರು, ಹೊಟ್ಟೆ ತುಂಬ ಉಂಡರು. ಹೆದರಿಕೆ ಕಾಡುವುದು ಬಾಗಿಲ ಆಚೆ ನಿಂತಿರುವಾಗ ಮಾತ್ರ. ಒಳಗೆ ಬಂದು ಕುಳಿತರೆ ಅದೂ ಒಬ್ಬ ನೆಂಟನೇ.

ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿ ಬಂಟ್ವಾಳದ ಕಡೆಯ ಶಾಲೆಗೆ ಸೇರಿದಳು. ದಿನಾ ಬಸ್ಸು, ಬರೀ ಮುಖ. ಕೆಲವು ವರ್ಷಗಳ ಮೇಲೆ, ಅದೇ ಬಸ್ಸಿನಲ್ಲಿ ಕಚೇರಿಗೆ ಹೋಗುವ ಗುಮಾಸ್ತರೊಬ್ಬರು ತಾವೇ ಮನೆಗೆ ಬಂದು ಅಕ್ಕನನ್ನು ಕೇಳಿದರು. ಅಮ್ಮ, "ಒಂದು ವಿಷಯ ಮೊದಲೇ ಹೇಳಬೇಕು. ಅವಳ ಬಲಗೆನ್ನೆಯಲ್ಲಿ..." ಎಂದರು.

"ಗೊತ್ತುಂಟಮ್ಮಾ," ಎಂದರು ಅವರು. "ಬಸ್ಸಿನಲ್ಲಿ ನಾನು ದಿನಾ ಕೂತುಕೊಳ್ಳುವುದು ಆ ಬದಿಯ ಸೀಟಿನಲ್ಲೇ."

ಅವರು ಹೋದ ಮೇಲೆ ಅಮ್ಮನ ಮುಖ ಮತ್ತೆ ಬಾಡಿತು. ಇನ್ನೇನು ಹೆದರಿಕೆಯೆಂದು ಕೇಳಿದೆ.

"ಅಲ್ಲ ಮಗಾ, ಇಷ್ಟು ವರ್ಷ ಬಸ್ಸಿನಲ್ಲಿ ಹೋಗಿ ಬಂದ ಗಂಡಸು ಒಂದು ದಿನವೂ ಕಿಟಕಿಯ ಹೊರಗೆ ನೋಡಲಿಲ್ವಾ?"