ಐಸಮ್ಮನವರ ಸರ, ಸರಕಾರದ ಹಾಸ್ಟೆಲು

ಅಮ್ಮ ತನ್ನ ಒಂದೇ ಒಂದು ಒಳ್ಳೆಯ ಸೀರೆಗೆ ಗಂಜಿ ಹಾಕಿ ಒಣಗಿಸಿದಳೆಂದರೆ ಮರುದಿನ ಮದುವೆಯೋ ಸರಕಾರಿ ಕಚೇರಿಯೋ ಇದೆಯೆಂದು ತಿಳಿಯಬೇಕು. ಕೋಡಿಂಬಾಳದಲ್ಲಿ ಬೀಡಿ ಕಟ್ಟಿ ನನ್ನನ್ನು ಸಾಕುತ್ತಿದ್ದ ಅವಳಿಗೆ ಇವೆರಡರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡು ಕಡೆಯೂ ನಾಲ್ಕು ಜನ ನೋಡುತ್ತಾರೆ, ಬರಿಗೊರಳಲ್ಲಿ ಹೋದರೆ ಅಲ್ಲಿದ್ದವರಿಗೇ ಅಗೌರವ. ಹಾಗಾಗಿ ನೆರೆಮನೆಯ ಐಸಮ್ಮನವರ ಚಿನ್ನದ ಸರ ನಮ್ಮ ಸುತ್ತಿನ ಹೆಂಗಸರ ಕೊರಳನ್ನೆಲ್ಲ ಸರದಿಯಂತೆ ಸುತ್ತಿ ಬರುತ್ತಿತ್ತು. ಐಸಮ್ಮನವರ ಕೊರಳಲ್ಲಿ ಅದನ್ನು ಕಂಡದ್ದೇ ಕಡಿಮೆ.

ಅರುವತ್ತರ ದಶಕದ ಮಾತು. ಪುತ್ತೂರಿನಲ್ಲಿ ಬಡ ಹೆಣ್ಣುಮಕ್ಕಳಿಗೆಂದು ಸರಕಾರದ ಉಚಿತ ಹಾಸ್ಟೆಲ್ ತೆರೆದಿತ್ತು. ಅಲ್ಲಿ ಜಾಗ ಸಿಕ್ಕಿದರೆ ನನಗೆ ಹೈಸ್ಕೂಲು. ಸಿಗದಿದ್ದರೆ ಅಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟಲು ಎಲೆ ತುಂಬಿದ ಇನ್ನೊಂದು ಗೆರಸೆ. ಅರ್ಜಿ ಹಿಡಿದು ಹೋದೆವು. ಗುಮಾಸ್ತರು ಅದನ್ನು ಓದುವ ಮೊದಲೇ ಅಮ್ಮನ ಕೊರಳನ್ನು ಓದಿ ಮುಗಿಸಿದರು.

“ಎಂತ ಅಮ್ಮ, ಕುತ್ತಿಗೆಯಲ್ಲಿ ಇಷ್ಟು ಚಿನ್ನ ಉಂಟು. ಹಾಸ್ಟೆಲು ಇರುದು ಏನೂ ಇಲ್ಲದವರಿಗೆ ಮಾರಾಯ್ರೆ.”

ಸರ ತನ್ನದಲ್ಲವೆಂದು ಅಮ್ಮ ಹೇಳಿದ್ದರೆ ಸಾಕಿತ್ತು. ಆದರೆ ಎರವಲಿನದನ್ನು ತೊಟ್ಟು ನಾಲ್ಕು ಜನರೆದುರು ಹಾಗೆ ಹೇಳುವುದುಂಟೆ? ಅಮ್ಮ ಸೆರಗನ್ನು ಕೊರಳ ಮೇಲೆ ಎಳೆದುಕೊಂಡಳು. ಅರ್ಜಿ ಮೇಜಿನ ಅಂಚಿಗೆ ಸರಿಯಿತು. ನನಗೆ ತಡೆಯಲಾಗಲಿಲ್ಲ.

“ಅದು ಐಸಮ್ಮನವರದ್ದು. ನಮಗೆ ಚಿನ್ನ ಇಲ್ಲ. ಒಳ್ಳೆ ಸೀರೆಯೂ ಇದೊಂದೇ ಇರುದು.”

ಗುಮಾಸ್ತರು ಹೊಗೆಸೊಪ್ಪಿನ ಕಲೆ ಹಿಡಿದ ಅಮ್ಮನ ಬೆರಳುಗಳನ್ನು ನೋಡಿದರು. ಆಮೇಲೆ ಅರ್ಜಿಯನ್ನು ಎಳೆದುಕೊಂಡು ಜಾಗ ಬರೆದುಕೊಟ್ಟರು.

ಆ ಹಾಸ್ಟೆಲಿನ ಅನ್ನ ಉಂಡೇ ನಾನು ಟೀಚರಾದೆ. ಅದನ್ನು ಹಳಿಯುವ ನಾಲಿಗೆ ನನಗಿಲ್ಲ. ಆದರೂ ಮಿತ್ರರೇ, ದುಡಿದು ತಿನ್ನುವವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಲು ಹೊರಟ ಸರಕಾರ, ಹತ್ತುವ ಮುಂಚೆ ಅವರೊಮ್ಮೆ ತಲೆ ತಗ್ಗಿಸಲೇಬೇಕೆಂದು ಏಕೆ ಬಯಸುತ್ತದೆ? ಬಡವರು ನೀಟಾಗಿ ಬಂದರೆ ಅನುಮಾನ, ಹರುಕು ಉಟ್ಟು ಬಂದರೆ ಅಸಹ್ಯ. ಕಚೇರಿಗೆ ಮರ್ಯಾದೆ ಕೊಡಲೆಂದೇ ಒಬ್ಬಳು ಸರ ಕೇಳಿ ತಂದಾಳೆಂದು ನಿಯಮ ಬರೆದವರಿಗೆ ಹೊಳೆದಿರಲಾರದು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಬಸ್ಸು ಕಾಯುವಾಗ ಅಮ್ಮ ಸರವನ್ನು ಬಿಚ್ಚಿ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಜಾಣೆ ಎನ್ನುತ್ತಾಳೆಂದು ನಾನು ಕಾದೆ. ಅವಳ ಕಣ್ಣು ತುಂಬಿತ್ತು.

“ಹೇಳುದಾದ್ರೆ ನಾನೇ ಹೇಳ್ಬೇಕಿತ್ತು ಮಗಾ. ಬಡತನ ನಂದು. ಅದು ನಿನ್ನ ಬಾಯಲ್ಲಿ ಬರ್ಬಾರದಿತ್ತು.”