ಆಯಿಯ ಹಗೇವು

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಹೊಟ್ಟೆ ಕಟ್ಟಿ, ಕಣ್ಣು ಕೆಡಿಸಿಕೊಂಡು ಪಡೆದದ್ದು ಅದು. ಆದರೆ ಆ ಓದಿಗೆ ಮೊದಲ ಬೆಲೆ ತೆತ್ತವಳು ನಮ್ಮ ಆಯಿ, ಅಪ್ಪನ ತಾಯಿ. ಅದನ್ನೂ ಹೇಳಬೇಕು.

ಕುಂಪಣಿ ಸರಕಾರದ ಕಡೆಯ ವರ್ಷಗಳು. ನಮ್ಮೂರಾದ ಯಾವಗಲ್ಲಿನಲ್ಲಿ ನಮ್ಮಪ್ಪ ಮತ್ತು ಅವನ ಅಣ್ಣ ಬೇರೆಯಾದಾಗ ಹೊಲ, ಎತ್ತು, ಬೋಗುಣಿ ಎಲ್ಲ ಎರಡು ಪಾಲಾದವು. ಆಯಿ ಹೊಲ ಕೇಳಲಿಲ್ಲ. ಹಿರಿಯರ ಮುಂದೆ ಒಂದೇ ಕೇಳಿದಳು: ಅಂಗಳದ ಹಗೇವು, ತುಂಬಿದ ಜೋಳದ ಸಮೇತ. ಹಗೇವೆಂದರೆ ನೆಲದೊಳಗಿನ ಕಣಜ. ಸುತ್ತ ಹೊಟ್ಟು ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ.

“ನನ್ನ ಕೈಕಾಲು ಬಿದ್ದ ದಿನಾ ತಗೀತೀನ್ರಿ. ಯಾರು ಚಲೋ ನೋಡ್ಕೋತಾರೋ, ಉಳದದ್ದು ಅವ್ರಿಗೆ” ಅಂದಳು.

ಹಿರಿಯರು ಒಪ್ಪಿದರು. ಅಂದಿನಿಂದ ಆಯಿಯದು ಪಾಳಿಯ ಬದುಕು: ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ದೊಡ್ಡಪ್ಪನಲ್ಲಿ. ದೊಡ್ಡವ್ವ ರೊಟ್ಟಿಗೆ ಬೆಣ್ಣೆ ಹಾಕಿದಳೆಂದು ಗೊತ್ತಾದರೆ ನಮ್ಮವ್ವ ಗಟ್ಟಿ ಮೊಸರು ಬಡಿಸುತ್ತಿದ್ದಳು.

“ನಿಮ್ಮಿಬ್ರ ಜಿದ್ದಿನಾಗ ನನ್ನ ಹೊಟ್ಟಿ ತಣ್ಣಗೈತಿ ನೋಡ್ರಿ” ಎಂದು ಆಯಿ ನಗುತ್ತಿದ್ದಳು.

ಊರಲ್ಲಿ ಎಲ್ಲರೂ ಎರಡು ಮೂರು ವರ್ಷಕ್ಕೊಮ್ಮೆ ಹಗೇವು ತೆಗೆದು, ಹಳೆಯ ಕಾಳು ಬಳಸಿ ಹೊಸದು ತುಂಬುತ್ತಿದ್ದರು. ಆಯಿ ಐದು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ. ಮಳೆಗಾಲ ಮುಗಿದ ಮೇಲೆ ತಾನೇ ಕೂತು ಬಾಯಿಗೆ ಹೊಸ ಮಣ್ಣು ಮೆತ್ತುತ್ತಿದ್ದಳು.

ನನಗೆ ಹದಿನೈದಾದಾಗ ಧಾರವಾಡದ ಇಂಗ್ಲಿಷ್ ಶಾಲೆಗೆ ಹೋಗುವ ಹಟ. ಅಪ್ಪ ಕೈಚೆಲ್ಲಿದ. ನನ್ನ ಕಣ್ಣು ಹಗೇವಿನ ಮೇಲೆ ಬಿತ್ತು.

“ಆಯಿ, ಅರ್ಧಾ ಕೊಡು. ಕಲತು ಬಂದು ನಿನ್ನ ರಾಣಿ ಹಂಗ ನೋಡ್ಕೋತೀನಿ.”

“ಮುಚ್ಚಿದ್ದು ಮುಚ್ಚೇ ಇರ್ಲಿ, ತಮ್ಮಾ.”

“ಮಣ್ಣಾಗ ಹುಗದಿಟ್ಟು ಏನ್ ಮಾಡ್ತಿ? ಸಾಯೂ ಮುಂದ ಹೊತ್ಕೊಂಡ ಹೋಗ್ತಿಯೇನು?”

ಆ ಮಾತು ಆಡಿದವನು ನಾನೇ. ಆಮೇಲೆ ಎರಡು ದಿನ ನಾನು ಉಣ್ಣಲಿಲ್ಲ. ಮೂರನೆಯ ಮುಂಜಾನೆ ಆಯಿ, “ತಗೀರಿ” ಅಂದಳು.

ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟು, ದೀಪ ಇಳಿಬಿಟ್ಟು ನೋಡಿ ದೊಡ್ಡಪ್ಪ ಒಳಗಿಳಿದ. ದೀಪ ಆರಲಿಲ್ಲ; ವಾಸನೆ ಮಾತ್ರ ಓಣಿಯೆಲ್ಲ ಹರಡಿತು. ಮೇಲಿನ ಎರಡು ಚೀಲದಷ್ಟು ಕಾಳು ಚೆನ್ನಾಗಿತ್ತು. ಅದರ ಕೆಳಗೆಲ್ಲ ನೀರು ಜಿನುಗಿ, ಕಪ್ಪಗೆ ಗಟ್ಟಿಯಾಗಿ, ದನ ಸಹ ಮೂಸದಂತಾಗಿತ್ತು.

ದೊಡ್ಡವ್ವ ಮೂಗಿಗೆ ಸೆರಗು ಹಿಡಿದು ನಮ್ಮವ್ವನ ಕಡೆ ತಿರುಗಿದಳು. “ಈ ರಾಡಿ ಸಲುವಾಗಿ ಐದು ವರ್ಷ ರೊಟ್ಟಿ ಬಡದೇವಲ್ಲವಾ!”

ನಮ್ಮವ್ವ ಒಳಗೆ ಹೋದಳು. ಆ ದಿನ ಆಯಿಯ ತಾಟಿನಲ್ಲಿ ಮೊಸರಿರಲಿಲ್ಲ.

ಎರಡು ಚೀಲ ಮಾರಿದ ರೊಕ್ಕದಲ್ಲೇ ನಾನು ಹೊರಟೆ. ಬಂಡಿ ಹತ್ತುವ ಮುಂಚೆ ಆಯಿಯನ್ನು ಕೇಳಿದೆ.

“ಕೆಟ್ಟೈತಿ ಅಂತ ನಿನಗ ಗೊತ್ತಿತ್ತೇನು?”

“ಮೂರು ವರ್ಷಾತು. ಮಣ್ಣು ಮೆತ್ತೂ ಮುಂದ ವಾಸನಿ ಬರ್ತಿತ್ತು. ಮುಚ್ಚಿರೂತನಕ ಎರಡೂ ಮನ್ಯಾಗ ರೊಟ್ಟಿ ಸಿಗತಿತ್ತಲ್ಲೋ.”

“ಮತ್ಯಾಕ ತಗಿಸಿದಿ?”

“ನೀ ಉಣ್ಣಲಿಲ್ಲಲ್ಲ.”

ತಿಂಗಳ ಪಾಳಿ ಹದಿನೈದು ದಿನಕ್ಕೆ ಇಳಿಯಿತು, ಆಮೇಲೆ ವಾರಕ್ಕೆ. ರಜೆಯಲ್ಲಿ ಊರಿಗೆ ಹೋದಾಗೆಲ್ಲ ಅವಳು ನನಗೆ ಸಿಕ್ಕದ್ದು ಓಣಿಯಲ್ಲಿ, ಹೊದೆಯುವ ಕೌದಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಾಗ. “ಇನ್ನ ಎಷ್ಟ ಪುಸ್ತಕ ಉಳದಾವು?” ಎಂದು ಕೇಳುತ್ತಿದ್ದಳು. ನಾನು ಪ್ರತಿ ಸಲವೂ ಕಡಿಮೆ ಹೇಳುತ್ತಿದ್ದೆ.

ಮುಂಬಯಿಯಿಂದ ಪದವಿ ಹಿಡಿದು ಬಂದಾಗ ಆಯಿ ಇರಲಿಲ್ಲ. ಯಾರ ಪಾಳಿಯಲ್ಲಿ ಸತ್ತಳೆಂದು ಕೇಳಿದೆ. ಅವ್ವ ದೊಡ್ಡಪ್ಪನ ಮನೆಯ ಕಡೆ ಕೈ ತೋರಿಸಿದಳು. ದೊಡ್ಡವ್ವ ನಮ್ಮ ಮನೆಯ ಕಡೆ.